ಕೊಂಡಿ

ನಮ್ಮ ಅವ್ವ ಸೀರೆಯನ್ನು ಕಣ್ಣಿನಿಂದ ನೋಡುವುದಿಲ್ಲ. ಈಗ ಕಣ್ಣು ಮಂಜಾಗಿದೆ, ಅದು ಬೇರೆ ಮಾತು. ಕಣ್ಣು ನೆಟ್ಟಗಿದ್ದ ಕಾಲದಲ್ಲೂ ಯಾರ ಮನೆಗೆ ಆರತಿಗೆ ಹೋದರೂ ಪಕ್ಕದಲ್ಲಿ ಕೂತವಳ ಸೆರಗನ್ನು ಮೆಲ್ಲಗೆ ಎರಡು ಬೆರಳಿನ ನಡುವೆ ಹಿಡಿದು, ಹೆಬ್ಬೆರಳಿನಿಂದ ಸವರಿ, ಆಮೇಲೆ ಮಾತಿಗೆ ಶುರು ಮಾಡುತ್ತಿದ್ದಳು. ಚಿಕ್ಕವಳಿದ್ದಾಗ ನನಗೆ ಇದರಿಂದ ಬಹಳ ನಾಚಿಕೆಯಾಗುತ್ತಿತ್ತು. ಗುರುತು ಪರಿಚಯವಿಲ್ಲದ ಹೆಂಗಸರ ಸೆರಗು ಹಿಡಿಯುವುದು ಎಂದರೇನು!

2023ರ ದೀಪಾವಳಿಗೆ ಅವ್ವ ನಮ್ಮ ಮನೆಗೆ ಬಂದಿದ್ದಳು. ಪಾಡ್ಯದ ದಿನ ನಾನು ಉಡಬೇಕೆಂದು ತೆಗೆದಿಟ್ಟಿದ್ದ ಹಸಿರು ಇಳಕಲ್ ಸೀರೆಯನ್ನು ಆಕೆಯ ತೊಡೆಯ ಮೇಲೆ ಹಾಕಿ, “ನೋಡವ್ವಾ, ತಮ್ಮನ ಅಂಗಡೀದು” ಎಂದೆ. ಅವ್ವ ದಡಿ ಸವರಿದಳು, ಒಡಲು ಸವರಿದಳು. ಸೆರಗನ್ನು ಬಿಚ್ಚಿ, ಸೆರಗೂ ಒಡಲೂ ಕೂಡುವ ಜಾಗಕ್ಕೆ ಬಂದಾಗ ಬೆರಳು ನಿಂತಿತು. ಹಿಂದಕ್ಕೆ ಮುಂದಕ್ಕೆ ನಾಲ್ಕು ಸಲ ಓಡಾಡಿತು. “ಎಷ್ಟ ಕೊಟ್ಟಿ?” ಎಂದು ಕೇಳಿದಳು.

“ನಾಕೂವರಿ ಸಾವಿರ.”

“ಇದರಾಗ ಕೊಂಡಿ ಇಲ್ಲಲ್ಲ” ಎಂದು ಸೀರೆಯನ್ನು ಮಡಚಿ ಪಕ್ಕಕ್ಕಿಟ್ಟಳು. ಹಬ್ಬದ ದಿನ ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ.

ನಮ್ಮ ಕಡೆಯವರಲ್ಲದ ಓದುಗರಿಗೆ ಕೊಂಡಿ ಎಂದರೇನು ಎಂದು ಹೇಳಬೇಕು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹತ್ತಿಯೋ, ರೇಷ್ಮೆಯೋ, ನಾವು ಚಮಕಾ ಎನ್ನುವ ಕೃತಕ ರೇಷ್ಮೆಯೋ ಇರಬಹುದು. ಸೆರಗಿಗೆ ಮಾತ್ರ ಕೆಂಪು ರೇಷ್ಮೆ. ಈ ಎರಡು ಹಾಸುಗಳನ್ನು ಒಂದೊಂದೇ ಎಳೆಯಾಗಿ ಕುಣಿಕೆ ಹಾಕಿ, ಒಂದರೊಳಗೊಂದು ಸಿಕ್ಕಿಸಿ ಕೂಡಿಸಬೇಕು. ಅದೇ ಕೊಂಡಿ. ಹೀಗೆ ಕೂಡಿಸಿ ನೇಯ್ದ ಸೆರಗಿಗೆ ಟೋಪ ತೆನಿ ಸೆರಗು ಎನ್ನುತ್ತಾರೆ. ಕೊಂಡಿ ಬೇಕೆಂದರೆ ಪ್ರತಿ ಸೀರೆಗೂ ಹಾಸನ್ನು ಬೇರೆಯಾಗಿಯೇ ಸಿದ್ಧ ಮಾಡಬೇಕು, ಉದ್ದಕ್ಕೆ ಹಾಸಿಟ್ಟುಕೊಂಡು ಹತ್ತು ಸೀರೆ ಕತ್ತರಿಸಿಕೊಳ್ಳಲಾಗದು. ಆದ್ದರಿಂದಲೇ ಅದು ಯಂತ್ರದ ಮಗ್ಗಕ್ಕೆ ಒಗ್ಗುವ ಕೆಲಸವಲ್ಲ. ಅಲ್ಲಿ ಒಡಲಿನ ಹಾಸೇ ಸೆರಗಿಗೂ ಮುಂದುವರಿಯುತ್ತದೆ. ದೂರದಿಂದ ನೋಡಿದರೆ ಅದೇ ಬಣ್ಣ, ಅದೇ ಬಿಳಿ ಪಟ್ಟೆ. ಬೆರಳಿಟ್ಟರೆ ಮಾತ್ರ ಅಲ್ಲಿ ಏನೂ ಸಿಕ್ಕುವುದಿಲ್ಲ.

ನೇಕಾರರ ಮಗಳಾದ ನನಗೆ ಇದು ಮೊದಲೇ ತಿಳಿಯಬೇಕಿತ್ತಲ್ಲವೆ ಎಂದು ನೀವು ಕೇಳಬಹುದು. ನಾನು ನೋಡಲೇ ಇಲ್ಲ, ಅಷ್ಟೆ. ಆ ವರ್ಷ ಪಂಚಮಿಗೆ ತವರಿಗೆ ಹೋದವಳು ಬರುವಾಗ ತಮ್ಮನ ಅಂಗಡಿಯಿಂದ ಕಟ್ಟಿಸಿಕೊಂಡು ನೇರ ಬಸ್ ಹತ್ತಿದ್ದೆ. ಒಡಹುಟ್ಟಿದವನ ಅಂಗಡಿಯಲ್ಲಿ ಕೂತು ಸೆರಗು ಬಿಚ್ಚಿ ಪರೀಕ್ಷೆ ಮಾಡುವುದು ಅವನಿಗೆ ಅವಮಾನ ಎಂದುಕೊಂಡಿದ್ದೆ. ನನ್ನದೊಂದೇ ಸೀರೆಯಾಗಿದ್ದರೆ ನುಂಗಿಕೊಂಡು ಸುಮ್ಮನಿರುತ್ತಿದ್ದೆನೇನೊ. ಆದರೆ ಆ ಗಂಟಿನಲ್ಲಿ ಒಟ್ಟು ಒಂಬತ್ತು ಸೀರೆ ಇದ್ದವು. ವರಮಹಾಲಕ್ಷ್ಮಿಗೆ ಎಲ್ಲರೂ ಒಂದೇ ಥರ ಉಡೋಣವೆಂದು ಶಾಲೆಯ ಎಂಟು ಮಂದಿ ಗೆಳತಿಯರು ಹಣ ಕೂಡಿಸಿ ಕೊಟ್ಟಿದ್ದರು. “ನಿಮ್ಮ ಊರು ಇಳಕಲ್, ನಿಮ್ಮ ತಂದೆ ನೇಕಾರರು, ನಿಮಗಿಂತ ಯಾರಿಗೆ ಗೊತ್ತು ಟೀಚರ್” ಎಂದಿದ್ದರು. ನಾನು, “ಅಪ್ಪಟ ಕೈಮಗ್ಗದ್ದೇ ತರುತ್ತೇನೆ” ಎಂದು ಮಾತು ಕೊಟ್ಟಿದ್ದೆ. ಶಾಲೆಯಿರುವ ಊರಿನ ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಏಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ಅಪ್ಪನದು ಕುಣಿಮಗ್ಗ. ನಡುಮನೆಯ ನೆಲದಲ್ಲಿ ಸೊಂಟದವರೆಗೆ ತೆಗೆದ ಕುಣಿ, ಅದರೊಳಗೆ ಕಾಲು ಇಳಿಬಿಟ್ಟು ಕೂತರೆ ನೆಲದ ಮಟ್ಟಕ್ಕೆ ಬಟ್ಟೆ. ಬೆಳಗಿನ ಜಾವಕ್ಕೆ ಲಾಳಿಯ ಸದ್ದು ಶುರುವಾಗುತ್ತಿತ್ತು. ಆ ಸದ್ದು ನಿಂತರೆ ನಮಗೆ ಎಚ್ಚರವಾಗುತ್ತಿತ್ತು, ಏಕೆಂದರೆ ಸದ್ದು ನಿಂತಿದೆ ಎಂದರೆ ಎಳೆ ಹರಿದಿದೆ ಅಥವಾ ಕಂಡಿಕೆ ಮುಗಿದಿದೆ. ಕಂಡಿಕೆ ಮುಗಿದಿದ್ದರೆ ತಪ್ಪು ನಮ್ಮದು. ಶಾಲೆಗೆ ಹೋಗುವ ಮೊದಲು ಇಷ್ಟು, ಬಂದ ಮೇಲೆ ಇಷ್ಟು ಎಂದು ರಾಟಿಯ ಮುಂದೆ ಕೂತು ಕಂಡಿಕೆ ಸುತ್ತಿಡುವುದು ನನ್ನ, ತಮ್ಮನ ಪಾಲಿನ ಕೆಲಸ. ನೂಲು ಸಾಹುಕಾರರದು, ಮಜೂರಿ ಅಪ್ಪನದು. ವಾರಕ್ಕೊಮ್ಮೆ ನೇಯ್ದ ಸೀರೆ ಒಯ್ದು ಒಪ್ಪಿಸಿ, ಹಣವನ್ನೂ ಮುಂದಿನ ವಾರದ ನೂಲನ್ನೂ ತರಬೇಕು.

ನಾನು ಏಳನೆಯ ಇಯತ್ತೆಯಲ್ಲಿದ್ದಾಗ, ಅಂದರೆ 1981ರಲ್ಲಿ, ಶಾಲೆಯಿಂದ ಐಹೊಳೆ, ಪಟ್ಟದಕಲ್ಲು, ಬಾದಾಮಿಗೆ ಪ್ರವಾಸ ಹೊರಟಿತು. ತಲೆಗೆ ಎಂಟು ರೂಪಾಯಿ. ಆ ವಾರದ ಮಜೂರಿಯಲ್ಲಿ ಕೊಡುತ್ತೇನೆಂದು ಅಪ್ಪ ಒಪ್ಪಿದ್ದ. ಸೀರೆ ಹೊತ್ತು ಅವನ ಬೆನ್ನ ಹಿಂದೆ ನಾನೂ ಸಾಹುಕಾರರ ಅಂಗಡಿಗೆ ಹೋದೆ. ಗುಮಾಸ್ತರು ಬಿಚ್ಚಿ ನೋಡಿ, “ಬರೋಬರಿ” ಎಂದು ಪಟ್ಟಿಯಲ್ಲಿ ಬರೆದುಕೊಂಡರು. ಹಣ ಎಣಿಸುವ ಹೊತ್ತಿಗೆ ಅಪ್ಪ ಬಾಯಿ ತೆರೆದ. “ಸಾವಕಾರ್ರ, ಸೆರಗಿನ ಬುಡಕ್ಕ ಎರಡ ಎಳಿ ತಪ್ಪ್ಯಾವ. ನೋಡಿಕೋರಿ.” ಸಾಹುಕಾರರು ನೋಡಿದರು. ಐದು ರೂಪಾಯಿ ಮುರಿದುಕೊಂಡರು.

ನಾನು ಪ್ರವಾಸಕ್ಕೆ ಹೋಗಲಿಲ್ಲ. ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಅವ್ವನಿಗೂ ಸಿಟ್ಟು ಬಂದಿತ್ತು. “ಅವರ ಕಣ್ಣಿಗೆ ಬಿದ್ದಿದ್ದಿಲ್ಲ, ನೀವ್ಯಾಕ ಹೇಳಾಕ ಹೋದ್ರಿ?” ಎಂದು ಅಡಿಗೆಮನೆಯಿಂದಲೇ ಕೇಳಿದಳು. ಮಗ್ಗದಲ್ಲಿ ಕೂತಿದ್ದ ಅಪ್ಪ ಲಾಳಿ ನಿಲ್ಲಿಸದೆಯೇ ಉತ್ತರ ಕೊಟ್ಟ. “ಅವರ ಕಣ್ಣಿಗೆ ಬೀಳದಿದ್ರ ಏನಾತು, ಉಡೂವಾಕಿ ಕಣ್ಣಿಗೆ ಬೀಳತೈತಿ.”

ಇಂಥ ಕತೆ ಹೇಳುವಾಗ ಹಳೆಯ ಕಾಲವೆಲ್ಲ ಬಂಗಾರವಾಗಿತ್ತು ಎನ್ನುವ ಧಾಟಿ ಬಂದುಬಿಡುತ್ತದೆ. ನಿವೃತ್ತಿಯ ಹತ್ತಿರ ಬಂದ ಶಿಕ್ಷಕಿಯರಲ್ಲಿ ಈ ರೋಗ ಹೆಚ್ಚು. ಆದ್ದರಿಂದ ಉಳಿದದ್ದನ್ನೂ ಹೇಳಬೇಕು. ಎರಡು ಎಳೆ ತಪ್ಪಿದೆ ಎಂದು ತಾನಾಗಿ ಹೇಳಿದವನಿಗೆ ಐದು ರೂಪಾಯಿ ಮುರಿಯುವುದು ಯಾವ ನ್ಯಾಯ? ನೂಲು ಕೊಡುವಾಗ ತೂಕದಲ್ಲಿ ಆಗುತ್ತಿದ್ದ ಹೆಚ್ಚುಕಡಿಮೆಯನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅಪ್ಪ ಕೊನೆಯವರೆಗೂ ಸಾಲದಲ್ಲೇ ಇದ್ದ. ಇನ್ನು ಅವ್ವ! ನೂಲಿಗೆ ಗಂಜಿ ಹಾಕುವವಳು, ಹರಿದ ಎಳೆ ಕೂಡಿಸುವವಳು, ರಾತ್ರಿ ದೀಪದ ಬೆಳಕಿನಲ್ಲಿ ಕೊಂಡಿ ಹಾಕಲು ಎದುರು ಕೂತು ಎಳೆ ಎತ್ತಿಕೊಡುವವಳು ಅವಳು. ಸಾಹುಕಾರರ ಪಟ್ಟಿಯಲ್ಲಿ ಒಂದು ದಿನವೂ ಅವಳ ಹೆಸರಿರಲಿಲ್ಲ. 2019–20ರ ಕೈಮಗ್ಗ ಗಣತಿಯಲ್ಲಿ ದೇಶದ 35.22 ಲಕ್ಷ ಕೈಮಗ್ಗ ಕೆಲಸಗಾರರಲ್ಲಿ ಹತ್ತಕ್ಕೆ ಏಳರಷ್ಟು ಹೆಂಗಸರು ಎಂದು ಕಂಡುಬಂತು. ಅದನ್ನು ಓದಿದಾಗ ಎಷ್ಟೋ ವರ್ಷದ ಮೇಲೆ ಅವ್ವನ ಹೆಸರು ಎಲ್ಲೋ ಬರೆದ ಹಾಗೆ ಅನ್ನಿಸಿತು. ಹತ್ತು ವರ್ಷ ಹಿಂದಿನ ಗಣತಿಯಲ್ಲಿ ಈ ಸಂಖ್ಯೆ 43.31 ಲಕ್ಷವಿತ್ತು. ನಡುವೆ ಎಂಟು ಲಕ್ಷ ಮಂದಿ ಎಲ್ಲಿ ಹೋದರು? ನಮ್ಮ ಓಣಿಯ ಮಟ್ಟಿಗೆ ಹೇಳಬಲ್ಲೆ. ಕೆಲವರು ಗ್ರಾನೈಟ್ ಕಲ್ಲಿನ ಕೆಲಸಕ್ಕೆ, ಕೆಲವರು ಬೆಂಗಳೂರಿಗೆ, ಪುಣೆಗೆ. ಒಬ್ಬ ಸೀರೆ ಅಂಗಡಿ ಇಟ್ಟ. ಅವನು ನನ್ನ ತಮ್ಮ.

ಅವನ ಕೈ ಅಪ್ಪನ ಕೈಗಿಂತ ಚುರುಕಾಗಿತ್ತು. 2003ರಲ್ಲಿ ಅಪ್ಪ ತೀರಿಕೊಂಡ ಮೇಲೂ ಮೂರು ವರ್ಷ ನೇಯ್ದ. ಆಮೇಲೆ ಕುಣಿ ಮುಚ್ಚಿಸಿ, ಮೇಲೆ ಫರಸಿ ಹಾಕಿಸಿ, ಅಲ್ಲಿ ಟೀವಿ ಇಟ್ಟ. ನಾನು ಆಗ ಏನೂ ಅನ್ನಲಿಲ್ಲ. ಅನ್ನುವುದಕ್ಕೆ ನನಗೇನು ಹಕ್ಕು? ಸರಕಾರದ ಸಂಬಳ ತೆಗೆದುಕೊಳ್ಳುವ ನಾನು ಬಿಎ, ಬಿಎಡ್ ಮಾಡಿದ್ದೇ ಮಗ್ಗದಿಂದ ತಪ್ಪಿಸಿಕೊಳ್ಳಲಿಕ್ಕೆ.

ದೀಪಾವಳಿ ಮುಗಿಸಿ ಅವ್ವನನ್ನು ಬಿಡಲು ಹೋದಾಗ ಅಂಗಡಿಗೆ ಹೋಗಿ ಕೂತೆ. ಗಲ್ಲೆಯ ಹಿಂದಿನ ಗೋಡೆಗೆ ಅಪ್ಪನ ದೊಡ್ಡ ಫೋಟೋ ಇದೆ, ಮಗ್ಗದಲ್ಲಿ ಕೂತದ್ದು, ಲಾಳಿ ಕೈಯಲ್ಲಿ. ಗಂಧದ ಮಾಲೆ. ಹೊಸ ಗಿರಾಕಿ ಬಂದರೆ ತಮ್ಮ ಅದರ ಕಡೆ ಕೈ ತೋರಿಸಿ, “ನಮ್ಮ ಅಪ್ಪಾರು, ಮೂರು ತಲಿಯಿಂದ ನೇಯ್ಕೊಂಡು ಬಂದವ್ರು” ಎನ್ನುತ್ತಾನೆ. ಅವನ ಮಗ ಅದೇ ಫೋಟೋವನ್ನು ಮೊಬೈಲಿನಲ್ಲಿ ಸೀರೆಗಳ ಚಿತ್ರದ ಮೇಲೆ ಹಾಕಿ, ಕೆಳಗೆ ‘ಅಪ್ಪಟ ಕೈಮಗ್ಗ’ ಎಂದು ಬರೆದು ಊರೂರಿಗೆ ಕಳಿಸುತ್ತಾನೆ. ಅಂಗಡಿಯಲ್ಲಿದ್ದ ಸೀರೆಗಳನ್ನು ಆ ದಿನ ಬಿಚ್ಚಿ ನೋಡಿದೆ. ಹತ್ತರಲ್ಲಿ ಒಂದಕ್ಕೆ ಕೊಂಡಿ ಇತ್ತು.

ಗಿರಾಕಿ ಹೋಗುವವರೆಗೆ ತಡೆದು, ಕೇಳಿದೆ. ಅವನು ಹೌಹಾರಲಿಲ್ಲ.

“ಅಕ್ಕಾ, ಕೈಮಗ್ಗದ್ದು ಅಂತ ಅನ್ನದಿದ್ರ ಯಾರೂ ತಗೊಳ್ಳೂದಿಲ್ಲ. ಕೈಮಗ್ಗದ್ದರ ರೇಟ್ ಹೇಳಿದ್ರನೂ ಯಾರೂ ತಗೊಳ್ಳೂದಿಲ್ಲ. ಈಗ ನೀನ ಹೇಳು, ನಾ ಏನ ಮಾಡ್ಲಿ?”

ನಿಜ ಹೇಳಬೇಕೆಂದರೆ ನನ್ನ ಬಳಿ ಉತ್ತರವಿರಲಿಲ್ಲ. ಕಾನೂನು ಇದೆ, ಗೊತ್ತು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕಾಯಿದೆ 1985ರಲ್ಲೇ ಬಂತು. ಮೊದಲು 22 ಬಗೆಗಳಿದ್ದವು, 1996ರಲ್ಲಿ 11ಕ್ಕೆ ಇಳಿಸಿದರು. 2006ರಲ್ಲಿ ಕೈಮಗ್ಗದ ಗುರುತಿನ ಮುದ್ರೆ ಬಂತು. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. 2015ರಿಂದ ಆಗಸ್ಟ್ 7 ರಾಷ್ಟ್ರೀಯ ಕೈಮಗ್ಗ ದಿನ. ಆ ದಿನ ನಮ್ಮ ಶಾಲೆಯಲ್ಲಿ ನಾನೇ ಭಾಷಣ ಮಾಡುತ್ತೇನೆ. ಇಷ್ಟೆಲ್ಲ ಇದ್ದೂ, ನಾಲ್ಕಾರು ದಿನ ಇಡೀ ಮನೆ ದುಡಿದರೆ ಒಂದು ಆಗುವ ಸೀರೆಯೂ, ಯಂತ್ರದಿಂದ ಹೊತ್ತು ಮುಳುಗುವುದರೊಳಗೆ ಇಳಿಯುವ ಸೀರೆಯೂ ಒಂದೇ ಗಲ್ಲೆಯ ಮೇಲೆ ಒಂದೇ ಹೆಸರಿನಲ್ಲಿ ಕೂತಿರುತ್ತವೆ. ಕೊಳ್ಳುವ ನಾವೂ ಚೌಕಾಸಿ ಮಾಡಿ, ಮುನ್ನೂರು ಇಳಿಸಿದೆವೆಂದು ಹಿಗ್ಗಿ ಬರುತ್ತೇವೆ.

ಯಂತ್ರದ ಸೀರೆ ಮಾರುವುದು ಪಾಪವೆಂದು ನಾನೆಂದೂ ಹೇಳುವುದಿಲ್ಲ. ದಿನಾ ಉಡಲು ಅದೇ ಲೇಸು, ಬಡವರ ಮೈಮುಚ್ಚಿದ್ದೂ ಅದೇ. “ಮಾರು, ಆದ್ರ ಹೆಸರು ಹೇಳಿ ಮಾರು. ಅಪ್ಪನ ಫೋಟೋದ ಕೆಳಗ ಕೂತು ಸುಳ್ಳು ಹೇಳಬ್ಯಾಡ” ಎಂದೆ. ನನ್ನ ದನಿ ತುಸು ಏರಿತ್ತು, ಶಾಲೆಯ ದನಿ. ಅವನಿಗೆ ಅದು ತಟ್ಟಿತು.

“ನನಗ ಹೇಳಾಕ ಬಂದಿ. ನೀ ಸಾಲ್ಯಾಗ ಏನ ಮಾಡ್ತಿ? ಹ್ವಾದ ವರ್ಷ ಇದ ಅಂಗಡ್ಯಾಗ ಕೂತು ನೀನ ನಗತಿದ್ದಿ. ಒಂದ ರಾತ್ರ್ಯಾಗ ಇಡೀ ವರ್ಷದ ದಾಖಲಿ ಬರದ್ವಿ, ಸಾಹೇಬ್ರು ನೋಡಿ ಭೇಷ್ ಅಂದ್ರು ಅಂತ. ಆ ಪುಸ್ತಕದಾಗ ಕೊಂಡಿ ಇತ್ತೇನು?”

ಅಂಗಡಿಯ ಹುಡುಗ ಚಹಾ ತಂದಿಟ್ಟ. ಕುಡಿಯಲಿಲ್ಲ.

ಅವನು ಹೇಳಿದ್ದು ಸುಳ್ಳಲ್ಲ. ಶಾಲೆಯಲ್ಲಿ ಕೆಲಸ ಮಾಡುವ ಓದುಗರಿಗೆ ವಿವರಿಸಬೇಕಾಗಿಲ್ಲ, ಉಳಿದವರಿಗಾಗಿ ಬರೆಯುತ್ತೇನೆ. ಹಿಂದುಳಿದ ಮಕ್ಕಳಿಗೆ ಪರಿಹಾರ ಬೋಧನೆ ಎಂದು ಇದೆ. ಯಾವ ಮಗುವಿಗೆ ಓದಲು ಬರುವುದಿಲ್ಲವೋ ಅದನ್ನು ಬೇರೆ ಕೂಡಿಸಿಕೊಂಡು ಕಲಿಸಬೇಕು, ಕಲಿಸಿದ್ದನ್ನು ದಿನಾಂಕ ಸಮೇತ ಬರೆದಿಡಬೇಕು. ಈ ಎರಡರಲ್ಲಿ ಎರಡನೆಯದನ್ನು ಮಾತ್ರ ಯಾರಾದರೂ ಬಂದು ನೋಡುತ್ತಾರೆ. ಜೊತೆಗೆ ಮಾಹಿತಿ ಕಳಿಸುವುದು, ಸಭೆ, ಗಣತಿ, ಸಸಿ ನೆಟ್ಟ ಫೋಟೋ, ಕೈ ತೊಳೆದ ಫೋಟೋ. ಹೊತ್ತು ಸಾಲುವುದಿಲ್ಲ ಎನ್ನುವುದು ನಿಜವೇ. ಆದರೆ ಸ್ಟಾಫ್ ರೂಮಿನಲ್ಲಿ ಸೀರೆಯ ಬಣ್ಣ ಆರಿಸಲು ನಮಗೆ ಹೊತ್ತಿತ್ತು.

2018ರಲ್ಲಿ ನನ್ನ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹಿಂದಿನ ಬೆಂಚು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಎರಡು ಜಡೆ. ಒತ್ತಕ್ಷರ ಬಂತೆಂದರೆ ನಿಂತುಬಿಡುತ್ತಿದ್ದಳು. ಅವಳ ಹೆಸರಿನ ಮುಂದೆ ನಾನು ಇಪ್ಪತ್ತು ತಾಸು ಪರಿಹಾರ ಬೋಧನೆ ಬರೆದಿದ್ದೇನೆ. ದುಂಡಗಿನ ಅಕ್ಷರ, ಕೆಂಪು ಮಸಿಯ ಗೆರೆ, ಕೆಳಗೆ ನನ್ನ ಸಹಿ. ನಿಜವಾಗಿ ಕೂಡಿಸಿಕೊಂಡದ್ದು ನಾಲ್ಕೋ ಐದೋ ಸಲ. ‘ಪ್ರಗತಿ ಕಂಡುಬಂದಿದೆ’ ಎಂದು ಕೊನೆಯ ಖಾನೆಯಲ್ಲಿ ಬರೆದವಳೂ ನಾನೇ. ಒಂಬತ್ತನೆಯ ತರಗತಿಯ ನಡುವೆ ಅವಳು ಶಾಲೆ ಬಿಟ್ಟಳು.

2022ರ ಬೇಸಿಗೆಯಲ್ಲಿ ಬಸ್‌ಸ್ಟ್ಯಾಂಡಿನಲ್ಲಿ ಎದುರಾದಳು. ಕೊರಳಲ್ಲಿ ತಾಳಿ, ಕಂಕುಳಲ್ಲಿ ಕೂಸು. ನನ್ನನ್ನು ಕಂಡು ಮುಖವೆಲ್ಲ ನಗೆಯಾಯಿತು, ಬಗ್ಗಿ ಕಾಲು ಮುಟ್ಟಿದಳು. ಮಾತಾಡುತ್ತಿರುವಾಗಲೇ ಒಂದು ಬಸ್ ಬಂದು ನಿಂತಿತು. ಅವಳು ಅದರ ಕಡೆ ನೋಡಿ, ನನ್ನ ಕಡೆ ತಿರುಗಿ ಕೇಳಿದಳು. “ಟೀಚರ್, ಇದು ಹುಬ್ಬಳ್ಳಿ ಬಸ್ಸೇನ್ರಿ?”

ಬಸ್ಸಿನ ಹಣೆಯ ಮೇಲೆ ಅಂಗೈಯಗಲದ ಅಕ್ಷರದಲ್ಲಿ ಹುಬ್ಬಳ್ಳಿ ಎಂದು ಬರೆದಿತ್ತು. ಎರಡು ಒತ್ತಕ್ಷರ.

ಈ ಸಂಗತಿಯನ್ನು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ತಮ್ಮನಿಗೂ ಅಂದು ಹೇಳಲಿಲ್ಲ. ಹೇಳಿದ್ದರೆ ಗೆದ್ದೆನೆಂದುಕೊಳ್ಳುತ್ತಿದ್ದ. ಎದ್ದು ಮನೆಗೆ ಬಂದೆ.

ರಾತ್ರಿ ಅವ್ವನ ಪಕ್ಕ ಮಲಗಿದ್ದಾಗ ಆಯ್ದಕ್ಕಿ ಲಕ್ಕಮ್ಮನ ಮಾತು ಬಂತು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತಂದು ದಾಸೋಹ ನಡೆಸುತ್ತಿದ್ದ ದಂಪತಿಗಳು. ಒಂದು ದಿನ ಗಂಡ ಮಾರಯ್ಯ ದಿನದ ಪಾಲಿಗಿಂತ ಹೆಚ್ಚು ತಂದದ್ದನ್ನು ಕಂಡು, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಹೆಂಡತಿ ತಿರುಗಿ ಕಳಿಸಿದಳು. ಕೂಡಲಸಂಗಮ ನಮಗೆ ಹತ್ತಿರ. ಹೀಗಾಗಿ ನಮ್ಮ ಕಡೆ ಪ್ರವಚನವೆಂದರೆ ಈ ಕತೆ ಒಂದು ಸಲವಾದರೂ ಬರಲೇಬೇಕು. ನಾನು ತರಗತಿಯಲ್ಲಿ ಎಷ್ಟು ಸಲ ಪಾಠ ಮಾಡಿದ್ದೇನೋ! ಅವ್ವನಿಗೆ, “ಅಪ್ಪ ಅವತ್ತು ಸಾವಕಾರ್ರ ಮುಂದ ಎಳಿ ತಪ್ಪ್ಯಾವ ಅಂತ ಹೇಳಿದಾಗ ನಿನಗ ಲಕ್ಕಮ್ಮ ನೆನಪಾಗಲಿಲ್ಲೇನು?” ಎಂದು ಚೇಷ್ಟೆ ಮಾಡಿದೆ.

“ಲಕ್ಕಮ್ಮನ ಮನ್ಯಾಗ ಸಾಲಿಗೆ ಹೋಗೂ ಮಕ್ಕಳಿದ್ದಿಲ್ಲ ಅಂತ ಕಾಣತೈತಿ” ಎಂದಳು ಅವ್ವ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಗೆಳತ್ಯಾರಿಗೆ ಹೇಳಿದೇನು?” ಎಂದು ಕೇಳಿದಳು. ಅವಳಿಗೆ ಅದೊಂದೇ ಮುಖ್ಯವಾಗಿತ್ತು.

ಶಾಲೆ ಶುರುವಾದ ವಾರ ಹೇಳಿದೆ. ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಎಲ್ಲರ ಡಬ್ಬಿ ಬಿಚ್ಚಿದ ಮೇಲೆ. ನಾನೆಣಿಸಿದ ಹಾಗೆ ಯಾವ ಗುಡುಗೂ ಗುಡುಗಲಿಲ್ಲ. ಅದೇ ಹೆಚ್ಚು ನೋವಾಯಿತು ಎನ್ನಬೇಕು. “ಹೋಗಲಿ ಬಿಡ್ರಿ, ಛಂದ ಐತಿ” ಎಂದರು ಇಬ್ಬರು. ಒಬ್ಬರು, “ಎಲ್ಲಾ ಕಡೆ ಹಂಗ ಅಲ್ಲೇನ್ರಿ ಈಗ” ಎಂದು ಉಪ್ಪಿನಕಾಯಿ ಮುಂದೆ ಸರಿಸಿದರು. ಇನ್ನೊಬ್ಬರಿಗೆ ತಾವು ಉಟ್ಟು ತಿರುಗಿದ್ದು ಕೈಮಗ್ಗದ್ದಲ್ಲ ಎಂದು ನಾಲ್ಕು ಮಂದಿಯ ಮುಂದೆ ಹೇಳಿದ್ದೇ ಸಿಟ್ಟು. ಅವರು ಹದಿನೈದು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಚಿತ್ರಕಲೆಯ ಟೀಚರ್ ಒಬ್ಬರೇ ಮರುದಿನ ಸೀರೆಯನ್ನು ತೊಳೆದು ಇಸ್ತ್ರಿ ಮಾಡಿಸಿ ತಂದು, “ನನಗ ರೊಕ್ಕ ಬೇಕ್ರಿ. ಸೀರಿ ಛಲೋ ಐತಿ, ಆದ್ರ ನಾ ಬ್ಯಾರೇದನ್ನ ಕೊಂಡಿದ್ದೆ” ಎಂದರು. ಅವರಿಗೆ ನಾನು ಋಣಿ. ನಾಲ್ಕೂವರೆ ಸಾವಿರವನ್ನು ನನ್ನ ಸಂಬಳದಿಂದ ಕೊಟ್ಟೆ. ಉಳಿದ ಏಳು ಮಂದಿ ನಾನು ಮುಂದೆ ಹಿಡಿದ ಹಣವನ್ನು ಮುಟ್ಟಲಿಲ್ಲ. ತಮ್ಮನಿಗೆ ಫೋನಿನಲ್ಲಿ ತಿಳಿಸಿದೆ. ಅವನು “ಹೂಂ” ಎಂದ.

ಅದೇ ವಾರ ಪರಿಹಾರ ಬೋಧನೆಯ ಹೊಸ ಪುಸ್ತಕಕ್ಕೆ ಗೆರೆ ಹೊಡೆದೆ. ಆ ವರ್ಷ ಆರು ಮಕ್ಕಳಿದ್ದರು. ಸಂಜೆ ಗಂಟೆ ಹೊಡೆದ ಮೇಲೆ ಮುಕ್ಕಾಲು ತಾಸು ಕೂಡಿಸಿಕೊಳ್ಳತೊಡಗಿದೆ. ದೊಡ್ಡ ಸಾಧನೆಯೇನಲ್ಲ. ಇಬ್ಬರು ತಿಂಗಳೊಳಗೆ ತಪ್ಪಿಸಿಕೊಂಡರು, ಒಬ್ಬ ಹುಡುಗನಿಗೆ ವರ್ಷದ ಕೊನೆಗೂ ಒತ್ತಕ್ಷರ ಹತ್ತಲಿಲ್ಲ. ಆ ದಿನ ಏನು ನಡೆಯಿತೋ ಅಷ್ಟನ್ನೇ ಬರೆದೆ. ಮಾರ್ಚ್‌ನಲ್ಲಿ ಪುಸ್ತಕ ನೋಡಿದ ಅಧಿಕಾರಿಗಳು, “ಏನ್ ಟೀಚರ್, ಇಷ್ಟು ಕಡಿಮೆ ತಾಸು? ಪ್ರಗತಿ ಖಾನೆಯೂ ಖಾಲಿ ಬಿಟ್ಟಿದ್ದೀರಿ” ಎಂದು ಕೆಂಪು ಮಸಿಯಲ್ಲಿ ಷರಾ ಬರೆದು ಹೋದರು. ನನ್ನ ಸೇವೆಯಲ್ಲಿ ಅಂಥ ಷರಾ ಅದೇ ಮೊದಲನೆಯದು. ಮುಖ್ಯಗುರುಗಳು ಎರಡು ದಿನ ಗೊಣಗಿದರು.

2024ರ ಪಂಚಮಿಗೆ ಮತ್ತೆ ತವರಿಗೆ ಹೋದೆ. ಹೋಗುವುದೋ ಬೇಡವೋ ಎಂದು ಹಿಂದೆ ಮುಂದೆ ನೋಡಿದ್ದೆ, ಆದರೆ ಪಂಚಮಿಗೆ ಕರೆಯಲು ತಮ್ಮನೇ ಬಂದ. ಅಂಗಡಿಗೆ ಹೋದಾಗ ಅಪ್ಪನ ಫೋಟೋ ಜಾಗ ಬದಲಿಸಿತ್ತು. ಗಲ್ಲೆಯ ಹಿಂದಿನಿಂದ ತೆಗೆದು, ಮೂಲೆಯ ಒಂದು ಸಣ್ಣ ಕಪಾಟಿನ ಮೇಲೆ ಹಾಕಿದ್ದ. ಕಪಾಟಿನಲ್ಲಿ ನಾಲ್ಕು ಸೀರೆ ಇದ್ದವು. ಉಳಿದ ಗೋಡೆಯ ತುಂಬ ಹಿಂದಿನಂತೆ ಯಂತ್ರದ ಸೀರೆಗಳೇ. ಅವುಗಳ ಮೇಲೆ ಹೆಸರಿನ ಚೀಟಿಯೇನೂ ಇರಲಿಲ್ಲ. ಮೊಬೈಲಿನ ‘ಅಪ್ಪಟ ಕೈಮಗ್ಗ’ ಏನಾಯಿತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ಅವ್ವನೂ ನನ್ನ ಜೊತೆ ಬಂದಿದ್ದಳು. ಅವಳ ಕೈ ಹಿಡಿದು ತಮ್ಮ ಆ ಕಪಾಟಿನ ಮುಂದೆ ಕುರ್ಚಿ ಹಾಕಿ ಕೂಡಿಸಿದ. ಒಂದು ಸೀರೆ ತೆಗೆದು ತೊಡೆಯ ಮೇಲೆ ಹರವಿದ. ಅವ್ವನ ಬೆರಳು ದಡಿ ಹಿಡಿದು ಹೊರಟು, ಒಡಲು ದಾಟಿ, ಸೆರಗಿನ ಬುಡಕ್ಕೆ ಬಂದು, ಅಲ್ಲಿ ಸಾಲಾಗಿದ್ದ ಸಣ್ಣ ಗಂಟುಗಳ ಮೇಲೆ ಮೆಲ್ಲಗೆ ಈ ದಡಿಯಿಂದ ಆ ದಡಿಗೆ ಹೋಯಿತು.

“ಯಾರ ನೇಯ್ದದ್ದೋ ತಮ್ಮಾ?”

“ನಮ್ಮ ಹಳೇ ಓಣಿಯವರದ ಬೇ.”

“ಎಷ್ಟಕ್ಕ ಹಚ್ಚೀದಿ?”

“ಒಂಬತ್ತ ಸಾವಿರ.”

“ಹೋಗ್ಯಾವೇನು?”

ತಮ್ಮ ನನ್ನ ಕಡೆ ನೋಡಿದ. “ನಾಕ ತಂದಿದ್ದೆ. ನಾಕೂ ಇಲ್ಲೇ ಅದಾವ” ಎಂದು ಅವ್ವನ ತೊಡೆಯ ಮೇಲಿಂದ ಸೀರೆ ಎತ್ತಿಕೊಂಡು, ಹಳೆಯ ಮಡಿಕೆಗೆ ಸರಿಯಾಗಿ ಮಡಚತೊಡಗಿದ.